ಕೀಮೋ ಬೇಡ, ಟಾರ್ಗೆಟೆಡ್ ಕೊಡಿ

‘ಡಾಕ್ಟರ್ ಸಾಬ್, ಕೀಮೋ ಮತ್ ದೀಜಿಯೇ, ಟಾರ್ಗೆಟೆಡ್ ದೇ ದೀಜಿಯೇ.’ ದೆಹಲಿಯ ಕ್ಯಾನ್ಸರ್ ಒಪಿಡಿಗಳಲ್ಲಿ ಈಗ ಆಗಾಗ ಕಿವಿಗೆ ಬೀಳುವ ಮಾತಿದು. ದ್ವಾರಕಾದಲ್ಲೋ ಮಯೂರ್ ವಿಹಾರದಲ್ಲೋ ನೆಲೆಸಿದ ನಿವೃತ್ತ ಕನ್ನಡಿಗರ ಮನೆಯಾದರೆ ಇದೇ ಮಾತು ಬೆಂಗಳೂರಿನಿಂದ ಮಗಳ ಫೋನಿನಲ್ಲಿ ಬರುತ್ತದೆ: ‘ಅಮ್ಮಾ, ಅಪ್ಪಂಗೆ ಕೀಮೋ ತಡ್ಯಲ್ಲ. ಈಗ ಯಾವ್ದೋ ಹೊಸ ಮಾತ್ರೆ ಬಂದಿದ್ಯಂತೆ, ಕೇಳಿ ನೋಡು.’ ಕೂದಲುದುರಿ, ವಾಂತಿಯಾಗಿ, ಸಿನಿಮಾದಲ್ಲಿ ಕಂಡಂತೆ ಮನುಷ್ಯ ಕರಗಿಹೋಗುವ ಕೀಮೋ ಒಂದು ಕಡೆ. ಗೆಡ್ಡೆಯನ್ನಷ್ಟೇ ಹುಡುಕಿ ಹೊಡೆಯುವ, ಮೈಗೆ ಗೊತ್ತೇ ಆಗದ ಜಾಣ ಮದ್ದು ಇನ್ನೊಂದು ಕಡೆ. ಹಾಗಿದ್ದ ಮೇಲೆ ಕೀಮೋ ಯಾರಿಗೆ ಬೇಕು?

ಮುಂದುವರಿದ ಮೂತ್ರಕೋಶದ ಕ್ಯಾನ್ಸರ್‌ನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಇಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿರುವ ಗುರಿಮದ್ದಿನ ಹೊಟ್ಟೆಯೊಳಗೇ ಕೀಮೋ ಕೂತಿದೆ. ಇನ್ನೊಂದು ಗುರಿಮದ್ದು ಕೀಮೋವನ್ನು ಸೋಲಿಸಿತು, ಆದರೆ ಗುರಿಯೇ ಇಲ್ಲದ ಮತ್ತೊಂದು ಔಷಧದ ಮುಂದೆ ಗೆಲ್ಲಲಾಗಲಿಲ್ಲ. ಮೂರನೆಯದೊಂದು ಭಾರಿ ಭರವಸೆ ಹುಟ್ಟಿಸಿ ಕೊನೆಗೆ ಮೂಲೆ ಸೇರಿತು. ಇಷ್ಟರ ನಡುವೆ, ಕೆಲವು ನೂರು ರೂಪಾಯಿಗೆ ವಯಲ್ ಸಿಗುವ ಹಳೆಯ ಸಿಸ್‌ಪ್ಲಾಟಿನ್ ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ.

ಈ ಕತೆಗೆ ದೆಹಲಿಯೇ ಯಾಕೆ ಎಂದರೆ ಕಾರಣವಿದೆ. ದೇಶದ ಕ್ಯಾನ್ಸರ್ ನೋಂದಣಿ ಕೇಂದ್ರಗಳ ವರದಿಗಳಲ್ಲಿ ಗಂಡಸರ ಮೂತ್ರಕೋಶದ ಕ್ಯಾನ್ಸರ್ ಪ್ರಮಾಣ ನೋಡಿದರೆ ದೆಹಲಿಯ ಹೆಸರು ಪಟ್ಟಿಯ ಮೇಲ್ತುದಿಯಲ್ಲೇ ಇರುತ್ತದೆ. ಭಾರತದಲ್ಲಿ ವರ್ಷಕ್ಕೆ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳುವವರು 20 ಸಾವಿರದ ಮೇಲೆ. ದೊಡ್ಡ ಅಪರಾಧಿ ತಂಬಾಕು. ಸಿಗರೇಟಿನ ಹೊಗೆಯಲ್ಲಿರುವ ಅರೋಮ್ಯಾಟಿಕ್ ಅಮೀನ್‌ಗಳು ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ನಮ್ಮ ಕರಾವಳಿಯ ಜಗಲಿಗಳಲ್ಲಿ ಸುತ್ತಿದ ಬೀಡಿಯ ಹೊಗೆಗೂ ಇದೇ ದಾರಿ. 1895ರಲ್ಲೇ ಜರ್ಮನಿಯ ಸರ್ಜನ್ ಲುಡ್ವಿಗ್ ರೆನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗೆಡ್ಡೆ ಹೆಚ್ಚೆಂದು ಬರೆದಿದ್ದರು. ಅಲ್ಲಿದ್ದ ಅಪರಾಧಿಯೂ ಇದೇ ಜಾತಿಯ ರಾಸಾಯನಿಕ.

ಮೊದಲ ಸೂಚನೆ ಸಾಮಾನ್ಯವಾಗಿ ನೋವಿಲ್ಲದೆ ಮೂತ್ರದಲ್ಲಿ ಕಾಣುವ ರಕ್ತ. ನೋವಿಲ್ಲ ಎನ್ನುವುದೇ ಮೋಸ. ಒಂದು ದಿನ ಕೆಂಪಗೆ ಹೋಗುತ್ತದೆ, ಮರುದಿನ ತಿಳಿಯಾಗುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕೆ ಸಿದ್ಧ ಉತ್ತರವಿದೆ: ಉಷ್ಣ. ದೆಹಲಿಯ ಮೇ ತಿಂಗಳ ಲೂ ಗಾಳಿಯಲ್ಲಿ ಯಾರಿಗೆ ತಾನೇ ಉಷ್ಣವಾಗುವುದಿಲ್ಲ? ಎಳನೀರು, ಬಾರ್ಲಿ ನೀರು, ರಾತ್ರಿ ನೆನೆಸಿಟ್ಟ ಕೊತ್ತಂಬರಿ ಬೀಜದ ಕಷಾಯ. ಹೆಂಗಸರಿಗಾದರೆ ‘ಯೂರಿನ್ ಇನ್ಫೆಕ್ಷನ್’ ಎಂದು ಆ್ಯಂಟಿಬಯಾಟಿಕ್‌ನ ಒಂದು ಕೋರ್ಸು, ಅದು ಮುಗಿದ ಮೇಲೆ ಇನ್ನೊಂದು. ಆರಂಭದಲ್ಲೇ ಸಿಕ್ಕಿಬಿದ್ದರೆ ಗೆಡ್ಡೆಯನ್ನು ದುರ್ಬೀನಿನ ಮೂಲಕ ಕೆರೆದು ತೆಗೆದು, ಬಿಸಿಜಿಯನ್ನು ಮೂತ್ರಕೋಶದೊಳಕ್ಕೆ ಹಾಕುತ್ತಾರೆ. ಎಡತೋಳಿನ ಮೇಲೆ ಗುರುತು ಬಿಟ್ಟುಹೋದ ಕ್ಷಯದ ಅದೇ ಲಸಿಕೆ! ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ತೋರಿಸಿಕೊಟ್ಟ ಈ ಉಪಾಯವನ್ನು ಮೀರಿಸಲು ಇವತ್ತಿಗೂ ಹೆಣಗಾಟ ನಡೆದಿದೆ. ಆದರೆ ಈ ಲೇಖನ ಆ ಅದೃಷ್ಟವಂತರದ್ದಲ್ಲ. ಗೆಡ್ಡೆ ಗೋಡೆ ದಾಟಿ ದುಗ್ಧಗ್ರಂಥಿಗೋ ಶ್ವಾಸಕೋಶಕ್ಕೋ ಎಲುಬಿಗೋ ಹೋದವರದ್ದು. ಅಂಥವರ ಮುಂದೆ ‘ಕೀಮೋನಾ, ಟಾರ್ಗೆಟೆಡ್ಡಾ’ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ.

ಪ್ಲಾಟಿನಂ ಕಾಲ

ಕೀಮೋ ಎಂದರೆ ಇಲ್ಲಿ ಮೊದಲ ಹೆಸರು ಸಿಸ್‌ಪ್ಲಾಟಿನ್. ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ವಿದ್ಯುತ್ ಕ್ಷೇತ್ರದಲ್ಲಿ ಬ್ಯಾಕ್ಟೀರಿಯಾ ಹೇಗೆ ವರ್ತಿಸುತ್ತದೆಂದು ನೋಡುತ್ತಿದ್ದಾಗ, ಅವು ಒಡೆದು ಎರಡಾಗದೆ ಉದ್ದಕ್ಕೆ ಎಳೆಯ ಹಾಗೆ ಬೆಳೆಯುತ್ತಿರುವುದು ಕಂಡಿತು. ಕಾರಣ ವಿದ್ಯುತ್ತಲ್ಲ, ವಿದ್ಯುದ್ವಾರದ ಪ್ಲಾಟಿನಂ ಕರಗಿ ಉಂಟಾದ ಸಂಯುಕ್ತ. 1965ರಲ್ಲಿ ಅದು ಪ್ರಕಟವಾಯಿತು, 1978ರಲ್ಲಿ ಔಷಧವಾಗಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 1985ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಅದಕ್ಕೆ ಇನ್ನು ಮೂರು ಔಷಧ ಸೇರಿಸಿ ಎಂ-ವ್ಯಾಕ್ ಎಂಬ ಚಿಕಿತ್ಸೆ ಕಟ್ಟಿದರು. ಮುಂದುವರಿದ ಮೂತ್ರಕೋಶದ ಕ್ಯಾನ್ಸರ್ ಕರಗುವುದು ಕಣ್ಣಿಗೆ ಕಾಣಿಸಿತಾದರೂ ಬಾಯಿತುಂಬ ಹುಣ್ಣು, ಬಿಳಿ ರಕ್ತಕಣ ಕುಸಿದು ಜ್ವರ, ಕೆಲವರಿಗೆ ಸಾವು. ಕೀಮೋ ಎಂದರೆ ಜನ ಹೆದರುವ ಚಿತ್ರ ಬಹುಮಟ್ಟಿಗೆ ಆ ಕಾಲದ್ದು. 2000ದಲ್ಲಿ ಜೆಮ್‌ಸಿಟಾಬಿನ್ ಮತ್ತು ಸಿಸ್‌ಪ್ಲಾಟಿನ್ ಜೋಡಿಯನ್ನು ಎಂ-ವ್ಯಾಕ್ ಎದುರು ನಿಲ್ಲಿಸಿದಾಗ ಬದುಕಿದ ಅವಧಿ ಹೆಚ್ಚುಕಡಿಮೆ ಒಂದೇ ಆಗಿತ್ತು, ಹದಿನಾಲ್ಕು ತಿಂಗಳ ಆಸುಪಾಸು. ತೊಂದರೆ ಮಾತ್ರ ಬಹಳ ಕಡಿಮೆ. ಅಲ್ಲಿಂದ ಮುಂದೆ ಇದೇ ಜೋಡಿ ರೂಢಿಗೆ ಬಂತು. ಮೂರು ವಾರಕ್ಕೊಂದು ಸೈಕಲ್, ಹೆಚ್ಚೆಂದರೆ ಆರು.

ಹದಿನಾಲ್ಕು ತಿಂಗಳು ಎಂದರೆ ಎಲ್ಲರೂ ಅಷ್ಟೇ ದಿನ ಬದುಕುತ್ತಾರೆಂದಲ್ಲ. ಅದು ಮಧ್ಯಾಂಕ. ಅರ್ಧ ಜನ ಅದಕ್ಕಿಂತ ಮೊದಲೇ ಹೋಗುತ್ತಾರೆ, ಉಳಿದರ್ಧ ಅದನ್ನು ದಾಟುತ್ತಾರೆ, ಅವರಲ್ಲಿ ಕೆಲವರು ಬಹುದೂರ ದಾಟುತ್ತಾರೆ. ಮುಂದೆ ಬರುವ ತಿಂಗಳುಗಳ ಲೆಕ್ಕವನ್ನೆಲ್ಲ ಹೀಗೇ ಓದಬೇಕು. ‘ಡಾಕ್ಟ್ರು ಎಷ್ಟು ದಿನ ಅಂದ್ರು?’ ಎಂದು ಕೇಳುವ ನೆಂಟರಿಗೆ ಇದನ್ನು ತಿಳಿಸಿ ಹೇಳುವುದು ಸುಲಭವಲ್ಲ, ಬಿಡಿ.

ಸಿಸ್‌ಪ್ಲಾಟಿನ್‌ನ ತೊಡಕು ಕಿಡ್ನಿಯಲ್ಲಿದೆ. ಅದು ಕಿಡ್ನಿಗೆ ಏಟು ಕೊಡುವುದರಿಂದ ಲೀಟರುಗಟ್ಟಲೆ ಸಲೈನ್ ಏರಿಸಿ, ಮೆಗ್ನೀಸಿಯಂ ಸೇರಿಸಿ ಕೊಡಬೇಕು. ಕಿಡ್ನಿಯ ಸೋಸುವ ಶಕ್ತಿ ಸಾಮಾನ್ಯವಾಗಿ ನಿಮಿಷಕ್ಕೆ 60 ಮಿಲಿಲೀಟರ್ ಇರಬೇಕು. ಮೂತ್ರಕೋಶದ ಕ್ಯಾನ್ಸರ್ ಬರುವುದು ಅರವತ್ತು, ಎಪ್ಪತ್ತು ದಾಟಿದವರಿಗೆ. ಅದಾಗಲೇ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಬಿಪಿ. ಮೇಲಾಗಿ ಗೆಡ್ಡೆಯೇ ಮೂತ್ರನಾಳಕ್ಕೆ ಅಡ್ಡ ಕೂತು ಕಿಡ್ನಿ ಊದಿರುತ್ತದೆ. ಹೀಗಾಗಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಸಿಸ್‌ಪ್ಲಾಟಿನ್ ಕೊಡಲಾಗದು ಎನ್ನುವುದು ಜಗತ್ತಿನೆಲ್ಲೆಡೆಯ ಅನುಭವ. ಅವರಿಗೆ ಕಾರ್ಬೊಪ್ಲಾಟಿನ್, ಅದರ ಪರಿಣಾಮ ಒಂದು ಮೆಟ್ಟಿಲು ಕೆಳಗೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ದುಬಾರಿ ಔಷಧದ ಮಾತಿನ ಗದ್ದಲದಲ್ಲಿ ಇದು ಕಳೆದುಹೋಗುತ್ತದೆ. ಕ್ರಿಯಾಟಿನಿನ್ ಏರಿದೆ, ಸಿಸ್‌ಪ್ಲಾಟಿನ್ ಆಗುವುದಿಲ್ಲ ಎಂದಾಗ ಮೊದಲ ಪ್ರಶ್ನೆ ‘ಹಾಗಾದರೆ ಯಾವ ಹೊಸ ಔಷಧ?’ ಎಂದಿರಬಾರದು. ಕಿಡ್ನಿ ಏಕೆ ಕುಂದಿದೆ ಎಂದು ಕೇಳಬೇಕು. ಗೆಡ್ಡೆಯ ಅಡ್ಡಿಯಿಂದಾಗಿದ್ದರೆ ಡಿಜೆ ಸ್ಟೆಂಟ್ ಹಾಕಿ, ಅದೂ ಆಗದಿದ್ದರೆ ಬೆನ್ನಿನ ಕಡೆಯಿಂದ ಕಿಡ್ನಿಗೇ ನಳಿಕೆ ಇಳಿಸಿ ಮೂತ್ರಕ್ಕೆ ದಾರಿ ಮಾಡಿದರೆ, ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ ಇಳಿಯುವುದುಂಟು. ಅಂಚಿನಲ್ಲಿರುವವರಿಗೆ ಸಿಸ್‌ಪ್ಲಾಟಿನ್ ಡೋಸನ್ನು ಎರಡಾಗಿ ಒಡೆದು ಬೇರೆಬೇರೆ ದಿನ ಕೊಡುವ ಕ್ರಮವೂ ಇದೆ. ಸ್ಟೆಂಟ್ ಹಾಕುವುದು ಸುದ್ದಿಯಾಗುವ ಚಿಕಿತ್ಸೆಯಲ್ಲ. ಆದರೂ ಒಂದು ಮನೆಯ ಉಳಿತಾಯ ಉಳಿಯುವುದು ಎಷ್ಟೋ ಸಲ ಅಷ್ಟರಿಂದಲೇ.

ಗುರಿ ಎಂದರೆ ಯಾವುದು?

‘ಟಾರ್ಗೆಟೆಡ್’ ಎಂದು ನಮ್ಮ ಜನ ಕರೆಯುವುದರಲ್ಲಿ ಕನಿಷ್ಠ ಮೂರು ಬಗೆಯ ಔಷಧ ಕಲಸಿಕೊಂಡಿವೆ. ವಾಟ್ಸ್ಆ್ಯಪ್ ಗುಂಪುಗಳಲ್ಲಂತೂ ಕೀಮೋ ಅಲ್ಲದ್ದೆಲ್ಲ ಟಾರ್ಗೆಟೆಡ್ಡೇ.

ಒಂದು, ರೋಗನಿರೋಧಕ ಶಕ್ತಿಗೆ ಹಾಕಿದ ಬ್ರೇಕು ತೆಗೆಯುವ ಇಮ್ಯುನೊಥೆರಪಿ. ಇದು ಗೆಡ್ಡೆಯ ಯಾವ ಜೀನನ್ನೂ ಹುಡುಕುವುದಿಲ್ಲ. ಕೀಮೋ ಸೋತ ಮೇಲೆ ಪೆಂಬ್ರೊಲಿಝುಮ್ಯಾಬ್ ಕೊಟ್ಟರೆ ಮಧ್ಯಾಂಕ 10.3 ತಿಂಗಳು, ಮತ್ತೊಂದು ಕೀಮೋ ಕೊಟ್ಟರೆ 7.4 ತಿಂಗಳು ಎಂದು 2017ರಲ್ಲಿ ಗೊತ್ತಾಯಿತು. ಹಾಗಾದರೆ ಮೊದಲೇ ಇದನ್ನು ಕೊಟ್ಟುಬಿಡೋಣವೇ? ಕೊಟ್ಟು ನೋಡಿದರು. 2018ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಬೇಕಾಯಿತು: ಪಿಡಿ-ಎಲ್1 ಎಂಬ ಗುರುತು ಕಡಿಮೆ ಇರುವವರಲ್ಲಿ, ಮೊದಲ ಚಿಕಿತ್ಸೆಯಾಗಿ ಇಮ್ಯುನೊಥೆರಪಿ ಒಂದನ್ನೇ ಪಡೆದವರು ಕೀಮೋ ಪಡೆದವರಿಗಿಂತ ಕಡಿಮೆ ದಿನ ಬದುಕಿದರು. ‘ಕೀಮೋ ಬೇಡ’ ಎಂಬ ಹಟಕ್ಕೆ ಜೀವವೇ ಬೆಲೆಯಾದೀತು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಇದರ ಬದಲು ಮೊದಲು ಕೀಮೋ ಕೊಟ್ಟು, ರೋಗ ಹತೋಟಿಗೆ ಬಂದವರಿಗೆ ಅವೆಲುಮ್ಯಾಬ್ ಎಂಬ ಇಮ್ಯುನೊಥೆರಪಿ ಕೊಡುತ್ತ ಹೋದಾಗ ಮಧ್ಯಾಂಕ 14.3ರಿಂದ 21.4 ತಿಂಗಳಿಗೆ ಏರಿತು. 2020ರ ಈ ಫಲಿತಾಂಶದಲ್ಲಿ ಕೀಮೋ ಮತ್ತು ಇಮ್ಯುನೊಥೆರಪಿ ಒಂದರ ಹಿಂದೊಂದು ನಡೆದವು.

ಎರಡನೆಯದು ನಿಜವಾದ ಅರ್ಥದಲ್ಲಿ ಟಾರ್ಗೆಟೆಡ್. ಎಫ್‌ಜಿಎಫ್‌ಆರ್3 ಎಂಬ ಜೀನ್ ಇದೆ. ಹುಟ್ಟಿನಿಂದಲೇ ಅದರಲ್ಲಿ ಒಂದು ಬಗೆಯ ತಪ್ಪಿದ್ದರೆ ಎಲುಬು ಬೆಳೆಯದೆ ಮನುಷ್ಯ ಕುಳ್ಳಾಗಿ ಉಳಿಯುತ್ತಾನೆ. ಅದೇ ಜೀನ್ ಮೂತ್ರಕೋಶದ ಒಳಪದರದಲ್ಲಿ ನಡುಬದುಕಿನಲ್ಲಿ ಕೆಟ್ಟರೆ ಗೆಡ್ಡೆ ಬೆಳೆಯುತ್ತದೆ. ಒಂದೇ ಜೀನ್ ಅಲ್ಲಿ ಬೆಳವಣಿಗೆಯನ್ನು ತಡೆಯುತ್ತದೆ, ಇಲ್ಲಿ ಕೆರಳಿಸುತ್ತದೆ. ಮುಂದುವರಿದ ಕಾಯಿಲೆಯವರಲ್ಲಿ ಐವರಲ್ಲಿ ಒಬ್ಬರಿಗೆ ಈ ಬದಲಾವಣೆ ಇರುತ್ತದೆ. ಅದರ ಮೇಲೆ ಕೂರುವ ಮಾತ್ರೆ ಎರ್ಡಾಫಿಟಿನಿಬ್. ‘ಹೊಸ ಮಾತ್ರೆ ಬಂದಿದ್ಯಂತೆ’ ಎಂದು ಬೆಂಗಳೂರಿನ ಮಗಳು ಕೇಳಿದ್ದು ಬಹುಶಃ ಇದನ್ನೇ. ಅಮೆರಿಕದಲ್ಲಿ ಇದಕ್ಕೆ ತಾತ್ಕಾಲಿಕ ಅನುಮತಿ ಸಿಕ್ಕಿದ್ದು 2019ರಲ್ಲಿ. ಇಮ್ಯುನೊಥೆರಪಿಯೂ ಕೈಕೊಟ್ಟ 266 ಜನರಲ್ಲಿ ಇದನ್ನು ಕೀಮೋ ಎದುರು ನಿಲ್ಲಿಸಿದ ಥಾರ್ ಎಂಬ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮಾತ್ರೆ ಪಡೆದವರಿಗೆ 12.1 ತಿಂಗಳು, ಕೀಮೋ ಪಡೆದವರಿಗೆ 7.8. ಗೆಡ್ಡೆ ಕುಗ್ಗಿದ್ದು ಮಾತ್ರೆಯಲ್ಲಿ ನೂರಕ್ಕೆ 46 ಜನರಿಗೆ, ಕೀಮೋದಲ್ಲಿ 12 ಜನರಿಗೆ. ಪತ್ರಿಕೆಗಳ ಶೀರ್ಷಿಕೆಯಾದದ್ದು ಇಷ್ಟು.

ಅದೇ ಅಧ್ಯಯನದ ಇನ್ನೊಂದು ಭಾಗಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಇದೇ ಜೀನ್ ದೋಷವಿದ್ದ, ಇಮ್ಯುನೊಥೆರಪಿ ಇನ್ನೂ ಪಡೆಯದ 351 ಜನರಲ್ಲಿ ಎರ್ಡಾಫಿಟಿನಿಬ್ ಮತ್ತು ಪೆಂಬ್ರೊಲಿಝುಮ್ಯಾಬ್ ಎದುರುಬದುರಾದವು. ಗುರಿಯಿಟ್ಟ ಮಾತ್ರೆಗೆ 10.9 ತಿಂಗಳು, ಗುರಿಯಿಲ್ಲದ ಇಂಜೆಕ್ಷನ್‌ಗೆ 11.1. ಅಂದರೆ ಗುರಿ ಇದೆ ಎಂದ ಮಾತ್ರಕ್ಕೆ ಸರದಿಯಲ್ಲಿ ಮುಂದೆ ನಿಲ್ಲುವ ಹಕ್ಕು ಬರುವುದಿಲ್ಲ. ಮತ್ತೆ, ಮೊದಲ ಭಾಗದಲ್ಲಿ ಸೋತದ್ದು ಸಿಸ್‌ಪ್ಲಾಟಿನ್ ಅಲ್ಲ. ಮೂರನೆಯ ಸರದಿಗೆ ಇಟ್ಟ, ಮೊದಲೇ ದುರ್ಬಲವಾದ ಡೊಸಿಟ್ಯಾಕ್ಸೆಲ್, ವಿನ್‌ಫ್ಲುನಿನ್‌ನಂಥ ಕೀಮೋ. ಯಾರನ್ನು ಸೋಲಿಸಿತು ಎಂದು ಕೇಳದೆ ‘ಕೀಮೋವನ್ನು ಸೋಲಿಸಿತು’ ಎಂದರೆ ಅರ್ಧ ಸತ್ಯ.

ಮಾತ್ರೆ ಅಂದಕೂಡಲೇ ನಿರಪಾಯ ಎಂದು ನಂಬುವವರಿಗೂ ಇಲ್ಲಿ ಕೆಲಸವಿದೆ. ಎರ್ಡಾಫಿಟಿನಿಬ್ ರಕ್ತದಲ್ಲಿ ಫಾಸ್ಫೇಟ್ ಏರಿಸುತ್ತದೆ. ತಮಾಷೆಯೆಂದರೆ ಡೋಸ್ ಸಾಕೋ ಸಾಲದೋ ಎಂದು ಡಾಕ್ಟರು ಅಳೆಯುವುದೂ ಅದರಿಂದಲೇ, ಎರಡು ಮೂರು ವಾರದ ನಂತರ ಫಾಸ್ಫೇಟ್ ಸಾಕಷ್ಟು ಏರಿರದಿದ್ದರೆ 8 ಮಿಲಿಗ್ರಾಂ ಅನ್ನು 9 ಮಾಡುತ್ತಾರೆ. ಹಾಲು, ಮೊಸರು, ಪನೀರು, ಗೋಡಂಬಿ ಕಡಿಮೆ ಮಾಡಿ ಎನ್ನುತ್ತಾರೆ. ಊಟದ ಕೊನೆಗೆ ಮೊಸರನ್ನವಿಲ್ಲ ಎಂದರೆ ಎಷ್ಟು ಕನ್ನಡಿಗರು ಒಪ್ಪಿಯಾರು? ಬಾಯಿ ಹುಣ್ಣು, ಉಗುರು ಬುಡದಿಂದ ಬಿಡುವುದು, ಕೆಲವರಿಗೆ ಕಣ್ಣಿನ ಪರದೆಯಡಿ ನೀರು ತುಂಬುವುದು. ಅದಕ್ಕೆಂದೇ ಮೊದಲ ನಾಲ್ಕು ತಿಂಗಳು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ, ಮನೆಯಲ್ಲಿ ಚೌಕಳಿ ಗೆರೆಗಳ ಹಾಳೆ ಹಿಡಿದು ಗೆರೆ ಸೊಟ್ಟಗೆ ಕಾಣುತ್ತದೆಯೇ ಎಂದು ನೋಡಿಕೊಳ್ಳುವ ಕೆಲಸ.

ಈ ಮಾತ್ರೆಗೆ ಮೊದಲು ಜೀನ್ ಪರೀಕ್ಷೆಯಾಗಬೇಕು. ಪರೀಕ್ಷೆಗೆ ಬೇಕಾದ್ದು ‘ಬ್ಲಾಕ್’, ಅಂದರೆ ಮೊದಲ ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು. ಗಾಜಿಯಾಬಾದಿನ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆದವರು ಗುರುಗ್ರಾಮದಲ್ಲಿ ಚಿಕಿತ್ಸೆಗೆ ಬಂದಾಗ ಬ್ಲಾಕ್ ಎಲ್ಲಿ ಎಂಬ ಹುಡುಕಾಟ ಶುರುವಾಗುತ್ತದೆ. ರಿಪೋರ್ಟು ಇದೆ, ಬ್ಲಾಕ್ ಇಲ್ಲ. ಡಿಸ್ಚಾರ್ಜ್ ಆಗುವ ದಿನವೇ ಬ್ಲಾಕು, ಸ್ಲೈಡು ಎಲ್ಲಿವೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕಡಲಮೊಲದ ವಿಷ

ಮೂರನೆಯ ಬಗೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಹಿಂದೂ ಮಹಾಸಾಗರದಲ್ಲಿ ಡೊಲಬೆಲ್ಲಾ ಎಂಬ ಕಡಲಮೊಲವಿದೆ. ಹೆಸರಿಗೆ ಮೊಲ, ಜಾತಿಯಲ್ಲಿ ಬಸವನಹುಳುವಿನ ದಾಯಾದಿ. ಅಮೆರಿಕದ ಅರಿಝೋನಾದ ರಸಾಯನ ವಿಜ್ಞಾನಿ ಜಾರ್ಜ್ ಪೆಟಿಟ್ ಮತ್ತು ಸಂಗಡಿಗರು ಅದರಿಂದ ಬೇರ್ಪಡಿಸಿದ ಡೊಲಾಸ್ಟಾಟಿನ್-10 ಎಂಬ ವಸ್ತುವಿನ ರಚನೆಯನ್ನು 1987ರಲ್ಲಿ ಪ್ರಕಟಿಸಿದರು. ಜೀವಕೋಶ ಒಡೆದು ಎರಡಾಗದಂತೆ ತಡೆಯುವ ಘೋರ ವಿಷ. ನೇರವಾಗಿ ರಕ್ತಕ್ಕೆ ಬಿಟ್ಟರೆ ರೋಗಿಯೇ ತಾಳಲಾರ. ಇದರ ಕೃತಕ ತಮ್ಮನೊಬ್ಬನನ್ನು ತಯಾರಿಸಿ, ಒಂದು ಪ್ರತಿಕಾಯದ ಬೆನ್ನಿಗೆ ಕಟ್ಟಿ ಕಳಿಸಿದರೆ ಹೇಗೆ? ಮೂತ್ರಕೋಶದ ಬಹುತೇಕ ಗೆಡ್ಡೆಗಳ ಮೈಮೇಲೆ ನೆಕ್ಟಿನ್-4 ಎಂಬ ಪ್ರೋಟೀನು ಹೇರಳವಾಗಿರುತ್ತದೆ. ಪ್ರತಿಕಾಯ ಅದಕ್ಕೆ ಅಂಟಿಕೊಂಡು ಒಳಹೋಗುತ್ತದೆ, ಕೊಂಡಿ ಕಳಚುತ್ತದೆ, ವಿಷ ಒಳಗೇ ಬಿಡುಗಡೆಯಾಗುತ್ತದೆ. ಇದೇ ಎನ್‌ಫೋರ್ಟುಮ್ಯಾಬ್ ವೆಡೋಟಿನ್. ಸಾಮಾನ್ಯ ಕೀಮೋ ಕಳೆಗೆಂದು ಇಡೀ ಗದ್ದೆಗೆ ಮದ್ದು ಹೊಡೆದಂತಾದರೆ, ಇದು ಕಳೆಯ ಬುಡ ನೋಡಿ ಸುರಿಯುವ ಪ್ರಯತ್ನ. ಆದರೆ ಸುರಿಯುವುದು ಅದೇ ಕುಲದ ಮದ್ದನ್ನೇ. ‘ಕೀಮೋ ಬೇಡ, ಟಾರ್ಗೆಟೆಡ್ ಕೊಡಿ’ ಎಂದು ಕೇಳಿ ಇದನ್ನು ಪಡೆದವರು, ಗೊತ್ತಿಲ್ಲದೆ ಎರಡನ್ನೂ ಪಡೆದಿರುತ್ತಾರೆ.

2023ರ ಅಕ್ಟೋಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ್ದ ಯುರೋಪಿನ ಕ್ಯಾನ್ಸರ್ ತಜ್ಞರ ಸಮಾವೇಶದಲ್ಲಿ ಲಂಡನ್ನಿನ ಡಾ. ಥಾಮಸ್ ಪೌಲ್ಸ್ ಒಂದು ಫಲಿತಾಂಶ ಓದಿದರು. ಹೊಸದಾಗಿ ಪತ್ತೆಯಾದ ಮುಂದುವರಿದ ಕಾಯಿಲೆಯ 886 ಜನ. ಅರ್ಧ ಜನರಿಗೆ ಎನ್‌ಫೋರ್ಟುಮ್ಯಾಬ್ ಮತ್ತು ಪೆಂಬ್ರೊಲಿಝುಮ್ಯಾಬ್ ಜೋಡಿ, ಉಳಿದವರಿಗೆ ರೂಢಿಯ ಪ್ಲಾಟಿನಂ ಕೀಮೋ. ಕೀಮೋದವರ ಮಧ್ಯಾಂಕ 16.1 ತಿಂಗಳು, ಜೋಡಿಯವರದು 31.5. ನೂರರಲ್ಲಿ 29 ಜನರಿಗೆ ಸ್ಕ್ಯಾನಿನಲ್ಲಿ ಗೆಡ್ಡೆಯೇ ಕಾಣದಂತಾಗಿತ್ತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾಲ್ಕು ದಶಕದಲ್ಲಿ ಮೊದಲ ಸಲ ಒಬ್ಬರು ಪ್ಲಾಟಿನಂ ಅನ್ನು ಅದರದೇ ಅಂಗಳದಲ್ಲಿ ಇಷ್ಟು ದೊಡ್ಡ ಅಂತರದಿಂದ ಮಣಿಸಿದ್ದರು. ಆ ಡಿಸೆಂಬರ್‌ನಲ್ಲೇ ಅಮೆರಿಕದಲ್ಲಿ ಈ ಜೋಡಿಗೆ ಪೂರ್ಣ ಅನುಮತಿ ಸಿಕ್ಕಿತು. ಹಣದ ಚಿಂತೆ ಇಲ್ಲದವರಿಗೆ ಮೊದಲ ಆಯ್ಕೆ ಯಾವುದೆಂಬ ಚರ್ಚೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ನನ್ನ ಅನುಮಾನಗಳೆಲ್ಲ ಬೇರೆ ಔಷಧಗಳ ಬಗ್ಗೆ, ಈ ಜೋಡಿಯ ಬಗ್ಗೆ ಅಲ್ಲ.

ಇದೇ ತತ್ವದ ಇನ್ನೊಂದು ಔಷಧ ಸಾಸಿಟುಝುಮ್ಯಾಬ್ ಗೊವಿಟೆಕನ್. 2021ರಲ್ಲಿ ಆತುರದ ಅನುಮತಿ ಪಡೆದದ್ದು, ದೊಡ್ಡ ಪರೀಕ್ಷೆಯಲ್ಲಿ ಕೀಮೋಗಿಂತ ಹೆಚ್ಚು ದಿನ ಬದುಕಿಸಲಾಗದೆ 2024ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಮಟ್ಟಿಗೆ ಹಿಂದೆ ಸರಿಯಿತು. ಗುರಿ, ವಿಷ, ಕೊಂಡಿ ಎಲ್ಲ ಇದ್ದೂ ಗೆಲುವು ಖಾತರಿಯಲ್ಲ.

ಎನ್‌ಫೋರ್ಟುಮ್ಯಾಬ್‌ನ ಒಂದು ಅನುಕೂಲ ನಮ್ಮವರಿಗೆ ಮುಖ್ಯ: ಜೀನ್ ಪರೀಕ್ಷೆ ಬೇಕಿಲ್ಲ, ಕಿಡ್ನಿ ಸ್ವಲ್ಪ ಕುಂದಿದ್ದರೂ ನಡೆಯುತ್ತದೆ. ಅನನುಕೂಲವೂ ನಮ್ಮವರಿಗೇ ಮುಖ್ಯ: ಅದು ರಕ್ತದ ಸಕ್ಕರೆಯನ್ನು ಏರಿಸಬಲ್ಲದು, ಕೆಲವೊಮ್ಮೆ ಪ್ರಾಣಾಪಾಯದ ಮಟ್ಟಕ್ಕೆ. ಸಕ್ಕರೆ ಹತೋಟಿಯಲ್ಲಿಲ್ಲದವರನ್ನು ಪರೀಕ್ಷೆಗೆ ಸೇರಿಸಿಕೊಂಡೇ ಇರಲಿಲ್ಲ. ಚರ್ಮದ ಮೇಲೆ ದದ್ದು ಸಾಮಾನ್ಯ, ಅಪರೂಪಕ್ಕೆ ಚರ್ಮವೇ ಸುಲಿದುಬರುವ ಭೀಕರ ಪ್ರತಿಕ್ರಿಯೆ. ಬೆರಳ ತುದಿ ಜೋಮು ಹಿಡಿದು ಅಂಗಿಯ ಗುಂಡಿ ಹಾಕಲಾಗದು, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದು. ಸಕ್ಕರೆ ಕಾಯಿಲೆಯಿಂದ ಕಾಲು ಮೊದಲೇ ಜೋಮು ಹಿಡಿದವರಿಗೆ ಡಾಕ್ಟರು ಇದನ್ನು ಕೇಳಿ ತಿಳಿದೇ ಶುರುಮಾಡಬೇಕು.

ಬೆಲೆ ಮತ್ತು ಕೋರ್ಟು

ಇನ್ನು ಹಣ. ಕೀಮೋ ಆರು ಸೈಕಲ್‌ಗೆ ಮುಗಿಯುತ್ತದೆ. ಎನ್‌ಫೋರ್ಟುಮ್ಯಾಬ್ ಕಾಯಿಲೆ ಮತ್ತೆ ಏಳುವವರೆಗೆ, ಇಲ್ಲವೇ ಮೈ ತಡೆಯುವವರೆಗೆ ನಡೆಯುತ್ತದೆ. ಪೆಂಬ್ರೊಲಿಝುಮ್ಯಾಬ್ ಎರಡು ವರ್ಷ. ಹಾಗಾಗಿ ಒಂದು ಡೋಸಿನ ಬೆಲೆ ಕೇಳಿ ಗಾಬರಿಯಾಗುವವರು ಡೋಸುಗಳ ಎಣಿಕೆಯನ್ನೂ ಕೇಳಬೇಕು. ಗುರುಗ್ರಾಮದ ದೊಡ್ಡ ಆಸ್ಪತ್ರೆಗಳ ಮೊಗಸಾಲೆಗಳಲ್ಲಿ ಅರಬ್ಬಿ, ರಷ್ಯನ್ ಫಲಕಗಳ ಕೆಳಗೆ ಇರಾಕಿನವರೂ ಉಜ್ಬೆಕಿಸ್ತಾನದವರೂ ಕೂತಿರುತ್ತಾರೆ. ಅಲ್ಲಿ ಈ ಜೋಡಿ ಹೊಸದೇನಲ್ಲ. ಅಲ್ಲಿಂದ ಗಂಟೆಯ ಹಾದಿಯಲ್ಲಿ, ಹರಿಯಾಣದ ಬಾಢ್ಸಾ ಗ್ರಾಮದಲ್ಲಿ ಏಮ್ಸ್‌ನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿದೆ. 2019ರಲ್ಲಿ ಉದ್ಘಾಟನೆಯಾದ, ಏಳುನೂರರಷ್ಟು ಹಾಸಿಗೆಯ ಆಸ್ಪತ್ರೆ. ಬಿಹಾರ, ಪೂರ್ವ ಉತ್ತರಪ್ರದೇಶದಿಂದ ರೈಲು ಹತ್ತಿ ಬಂದವರಿಗೆ ಅಲ್ಲಿ ಜೆಮ್‌ಸಿಟಾಬಿನ್-ಪ್ಲಾಟಿನಂ ಸಮಯಕ್ಕೆ ಸರಿಯಾಗಿ ಸಿಕ್ಕಿದರೆ ಅದೇ ದೊಡ್ಡದು.

ದೆಹಲಿಯ ಕನ್ನಡಿಗರಲ್ಲಿ ಬಹಳ ಮಂದಿ ಕೇಂದ್ರ ಸರ್ಕಾರದ ನಿವೃತ್ತರು, ಕೈಯಲ್ಲಿ ಸಿಜಿಎಚ್‌ಎಸ್ ಕಾರ್ಡು. ದುಬಾರಿ ಕ್ಯಾನ್ಸರ್ ಔಷಧ ಅದರಲ್ಲಿ ಸಿಗುವುದುಂಟು, ತಜ್ಞರ ಸಮಿತಿ ಒಪ್ಪಬೇಕಾಗುತ್ತದೆ, ಕಾಗದ ಓಡಾಡಬೇಕಾಗುತ್ತದೆ. ಆ ಓಡಾಟದಲ್ಲಿ ವಾರಗಳು ಹೋಗುವುದರಿಂದ ಅಷ್ಟರಲ್ಲಿ ಕೀಮೋ ಶುರುಮಾಡಬೇಕೇ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಡಾಕ್ಟರ ಮುಂದಿಡಬೇಕು. ಕಾರ್ಡಿಲ್ಲದ ಎಪ್ಪತ್ತು ದಾಟಿದವರಿಗೆ 2024ರ ಅಕ್ಟೋಬರಿನಿಂದ ಆಯುಷ್ಮಾನ್ ವಯವಂದನಾ ಇದೆ. ದೆಹಲಿ ಆಯುಷ್ಮಾನ್ ಯೋಜನೆಗೆ ಸೇರಿದ್ದು 2025ರ ಏಪ್ರಿಲ್‌ನಲ್ಲಿ. ಕೇಂದ್ರದ 5 ಲಕ್ಷಕ್ಕೆ ರಾಜ್ಯದ 5 ಲಕ್ಷ ಸೇರುತ್ತದೆ. ಕೀಮೋಗೆ, ಸ್ಟೆಂಟಿಗೆ, ಸ್ಕ್ಯಾನಿಗೆ ಅದು ದೊಡ್ಡ ಆಸರೆ. ಹೊಸ ಜೋಡಿಗೆ ಸಾಲದು.

ಕಡಿಮೆ ಡೋಸಿನ ಹಾದಿಯನ್ನು ಭಾರತದ ವೈದ್ಯರು ಹಟ ಹಿಡಿದು ಹುಡುಕುತ್ತಿದ್ದಾರೆ. ಮುಂಬೈನ ಟಾಟಾ ಆಸ್ಪತ್ರೆಯಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು ಅಗ್ಗದ ಮಾತ್ರೆಗಳ ಜೊತೆ ಕೊಟ್ಟಾಗ ಒಂದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 16ರಿಂದ 43ಕ್ಕೆ ಏರಿತು. ದೆಹಲಿಯ ಏಮ್ಸ್ ಸ್ತನ ಕ್ಯಾನ್ಸರ್‌ನಲ್ಲಿ ಪೆಂಬ್ರೊಲಿಝುಮ್ಯಾಬ್‌ನ 200ರ ಬದಲು 50 ಮಿಲಿಗ್ರಾಂ ಅನ್ನು ಆರು ವಾರಕ್ಕೊಮ್ಮೆ ಕೊಟ್ಟು ನೋಡಿತು. ಮೂತ್ರಕೋಶಕ್ಕೆ ಈ ಲೆಕ್ಕ ಹಾಗೆಯೇ ಹೊಂದುತ್ತದೆಂದು ಯಾರೂ ಹೇಳಿಲ್ಲ, ಹೇಳಲೂಬಾರದು. ಆದರೆ ಒಂದನ್ನು ಕೇಳಬಹುದು. 2014ರಲ್ಲಿ ಪೆಂಬ್ರೊಲಿಝುಮ್ಯಾಬ್ ಮೊದಲು ಬಂದಾಗ ತೂಕಕ್ಕೆ ತಕ್ಕ ಡೋಸ್ ಇತ್ತು, ಕಿಲೋಗೆ 2 ಮಿಲಿಗ್ರಾಂ. ಐವತ್ತು ಕಿಲೋ ತೂಗುವವರಿಗೆ 100 ಮಿಲಿಗ್ರಾಂನ ಒಂದು ವಯಲ್. ಎಲ್ಲರಿಗೂ 200 ಎಂದು ಆಮೇಲೆ ಮಾಡಿದ್ದರಿಂದ ಅದೇ ದೇಹಕ್ಕೆ ಎರಡು ವಯಲ್. ಕೆನಡಾ, ನೆದರ್‌ಲೆಂಡ್ಸ್‌ಗಳಂಥ ಸಿರಿವಂತ ದೇಶಗಳ ಆಸ್ಪತ್ರೆಗಳೇ ತೂಕದ ಲೆಕ್ಕಕ್ಕೆ ಮರಳಿವೆ. ನಾವು ಕೇಳಲು ನಾಚಬೇಕಿಲ್ಲ.

ಹಣದ ಮಾತಿನ ನಡುವೆ ನೋವಿನ ಮಾತು ಮರೆಯುವುದು ಬೇಡ. ಎಲುಬಿಗೆ ಇಳಿದ ಕ್ಯಾನ್ಸರ್‌ನ ನೋವಿಗೆ ಬೇಕಾದ ಮಾರ್ಫಿನ್ ಮಾತ್ರೆ ಅಗ್ಗ. 1996ರಲ್ಲಿ ಶುರುವಾದ ದೆಹಲಿಯ ಕ್ಯಾನ್‌ಸಪೋರ್ಟ್ ಎಂಬ ಸಂಸ್ಥೆ ಡಾಕ್ಟರು, ನರ್ಸು, ಆಪ್ತಸಲಹೆಗಾರರ ತಂಡವನ್ನು ಮನೆಗೇ ಕಳಿಸುತ್ತಿದೆ, ಶುಲ್ಕವಿಲ್ಲ. ಕಟ್ಟಿದವರು ಹರ್ಮಲಾ ಗುಪ್ತಾ, ಸ್ವತಃ ಕ್ಯಾನ್ಸರ್ ದಾಟಿ ಬಂದವರು. ಕೀಮೋ ನಡೆಯುತ್ತಿರುವಾಗಲೇ ಅವರನ್ನು ಕರೆಯಬಹುದು.

ಬೆಲೆ ಇಳಿಯುವುದು ಹೇಗೆ ಎಂಬುದಕ್ಕೆ ದೆಹಲಿಯಲ್ಲೇ ಒಂದು ಚರಿತ್ರೆಯಿದೆ. ಅದು ಬರೆಯಲ್ಪಟ್ಟದ್ದು ಶೇರ್ ಶಾ ರಸ್ತೆಯ ಹೈಕೋರ್ಟಿನಲ್ಲಿ. ಎರ್ಲೋಟಿನಿಬ್ ಎಂಬ ಶ್ವಾಸಕೋಶ ಕ್ಯಾನ್ಸರ್‌ನ ಗುರಿಮಾತ್ರೆಯನ್ನು ರೋಶ್ ಕಂಪನಿ ಒಂದಕ್ಕೆ 4,800 ರೂಪಾಯಿಗೆ ಮಾರುತ್ತಿತ್ತು, ಸಿಪ್ಲಾ 1,600ಕ್ಕೆ ತಂದಿತು. ತಡೆ ಕೊಡಿ ಎಂದು ರೋಶ್ ಕೇಳಿತು. 2008ರ ಮಾರ್ಚ್‌ನಲ್ಲಿ ತಡೆ ನಿರಾಕರಿಸಿದವರು ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಪೇಟೆಂಟ್ ಒಂದು ಕಡೆ, ಜೀವ ಉಳಿಸುವ ಔಷಧ ಜನರ ಕೈಗೆಟುಕುವುದು ಇನ್ನೊಂದು ಕಡೆ ಇದ್ದಾಗ ಸಾರ್ವಜನಿಕ ಹಿತವನ್ನೂ ತೂಗಬೇಕೆಂದು ಆ ಆದೇಶ ಹೇಳಿತು. ಮರುವರ್ಷ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಮುಂದೆ ಸ್ತನ ಕ್ಯಾನ್ಸರ್‌ನ ಔಷಧ ಟ್ರಾಸ್ಟುಝುಮ್ಯಾಬ್‌ಗಾಗಿ ಬೆಂಗಳೂರಿನ ಬಯೋಕಾನ್ ಇದೇ ಕೋರ್ಟಿಗೆ ಅಲೆಯಬೇಕಾಯಿತು. ಈಚಿನ ಸರದಿ ನಿವೊಲುಮ್ಯಾಬ್‌ದು. ಝೈಡಸ್ ಕಂಪನಿಯ ಅದೇ ಮಾದರಿಯ ಔಷಧಕ್ಕೆ 2025ರ ಜುಲೈಯಲ್ಲಿ ಏಕಸದಸ್ಯ ಪೀಠ ತಡೆ ಹಾಕಿತು, 2026ರ ಜನವರಿಯಲ್ಲಿ ವಿಭಾಗೀಯ ಪೀಠ ದಾರಿ ಬಿಟ್ಟಿತು.

ಮೂತ್ರಕೋಶದ ಕಾಯಿಲೆಯವರಿಗೆ ಈ ತೀರ್ಪು ದೂರದ ಸುದ್ದಿಯಲ್ಲ. 2023ರಲ್ಲಿ ಮ್ಯಾಡ್ರಿಡ್‌ನ ಅದೇ ಸಮಾವೇಶದಲ್ಲಿ, ಎದ್ದುನಿಂತ ಚಪ್ಪಾಳೆಯ ಸದ್ದಿನಲ್ಲಿ ಅರ್ಧ ಮರೆಯಾದ ಇನ್ನೊಂದು ಫಲಿತಾಂಶವಿತ್ತು: ಜೆಮ್‌ಸಿಟಾಬಿನ್-ಸಿಸ್‌ಪ್ಲಾಟಿನ್ ಜೊತೆಗೆ ನಿವೊಲುಮ್ಯಾಬ್ ಸೇರಿಸಿದರೆ ಮಧ್ಯಾಂಕ 18.9ರಿಂದ 21.7 ತಿಂಗಳಿಗೆ ಏರುತ್ತದೆ. 31.5ರ ಮುಂದೆ ಇದು ಸಣ್ಣದಾಗಿ ಕಂಡಿತು. ಆದರೆ ಎನ್‌ಫೋರ್ಟುಮ್ಯಾಬ್‌ನಂಥ ಔಷಧವನ್ನು ನಕಲು ಮಾಡುವುದು ಮಾತ್ರೆ ನಕಲು ಮಾಡಿದಷ್ಟು ಸುಲಭವಲ್ಲ. ಪ್ರತಿಕಾಯ, ಕೊಂಡಿ, ವಿಷ ಮೂರೂ ಹೊಂದಬೇಕು. ನಿವೊಲುಮ್ಯಾಬ್‌ಗೆ ಈಗಾಗಲೇ ಸ್ಪರ್ಧೆ ಬಂದಿದೆ, ಜೆಮ್‌ಸಿಟಾಬಿನ್‌ಗೂ ಸಿಸ್‌ಪ್ಲಾಟಿನ್‌ಗೂ ಪೇಟೆಂಟಿನ ಹಂಗಿಲ್ಲ. ಹಾಗೆ ನೋಡಿದರೆ ಮಯೂರ್ ವಿಹಾರದ ಮಧ್ಯಮವರ್ಗದ ಮನೆಗೆ ಮೊದಲು ಎಟುಕಲಿರುವ ಹೊಸ ಚಿಕಿತ್ಸೆಯಲ್ಲಿ ಮೂರಕ್ಕೆ ಎರಡು ಪಾಲು ಅದೇ ಹಳೆಯ ಕೀಮೋ ಇರುತ್ತದೆ.